ಮದುವೆ ನಡೆದ ಸ್ಥಳ

ಹಡಗು ಇಳಿದಾಗಿನಿಂದ ಜೆಸ್ಟಿನಾ ಡೆಲ್ಪೆಶ್‌ಗೆ ತಾನು ಹಾಕಿಕೊಂಡ ಬಟ್ಟೆಯ ಮೇಲೇ ಅನುಮಾನ. ಬೂದು ಸ್ಕರ್ಟು, ಬಿಳಿ ಬ್ಲೌಸು, ಕಪ್ಪು ಶೂ. ಇಪ್ಪತ್ತಾರು ವರ್ಷದಿಂದ ಕಿಂಗ್ಸ್‌ಟೌನಿನ ಹುಟ್ಟು-ಮದುವೆ ಬರೆದಿಡುವ ರಿಜಿಸ್ಟ್ರಿ ಕಚೇರಿಗೆ ಹೋಗುತ್ತಿದ್ದದ್ದೇ ಈ ವೇಷದಲ್ಲಿ. ಬೆಳಿಗ್ಗೆ ಕಪಾಟಿನ ಮುಂದೆ ನಿಂತು ಹಳದಿ ಹೂವಿನ ಫ್ರಾಕನ್ನು ಎರಡು ಸಲ ಹೊರಗೆ ತೆಗೆದು ಎರಡು ಸಲವೂ ಒಳಗಿಟ್ಟಿದ್ದಳು. ಐವತ್ತನಾಲ್ಕು ವರ್ಷದ ಹೆಂಗಸು ತನ್ನ ಮದುವೆಗೆ ತಾನೇ ಜಾಗ ನೋಡಲು ಹೊರಟಾಗ ಏನು ತೊಡಬೇಕು ಎಂದು ಯಾರನ್ನು ಕೇಳುವುದು? ಹಳದಿ ಫ್ರಾಕು ಹಾಕಿಕೊಂಡರೆ ಹಡಗುಕಟ್ಟೆಯಲ್ಲಿ ಗುರುತಿನವರು ಸಿಕ್ಕು, ‘ಏನ್ ಮಿಸ್ ಡೆಲ್ಪೆಶ್, ಇವತ್ತು ಎಲ್ಲಿಗೆ ಸವಾರಿ?’ ಎನ್ನುತ್ತಾರೆ. ಬೂದು ಸ್ಕರ್ಟನ್ನು ಯಾರೂ ಏನೂ ಕೇಳುವುದಿಲ್ಲ. ಹಾಗೆಂದುಕೊಂಡೇ ಹಾಕಿಕೊಂಡಿದ್ದಳು. ಈಗ ಬೆಕ್ವೆ ದ್ವೀಪದ ಏರುರಸ್ತೆಯಲ್ಲಿ, ಬೆನ್ನಿಗೆ ಬ್ಲೌಸು ಅಂಟಿಕೊಂಡು, ಟ್ಯಾಕ್ಸಿ ಬೇಡವೆಂದು ನಡೆಯುತ್ತಿರುವಾಗ, ಯಾರಾದರೂ ಒಬ್ಬರು ಕೇಳಿದ್ದರೆ ಚೆನ್ನಾಗಿತ್ತು ಎನ್ನಿಸುತ್ತಿತ್ತು.

ಟ್ಯಾಕ್ಸಿ ಯಾಕೆ ಬೇಡವೆಂದಳೋ ಅವಳಿಗೇ ಗೊತ್ತಿಲ್ಲ. ಬಹುಶಃ ಆ ಜಾಗ ಒಂದೇ ಸಲಕ್ಕೆ ಕಣ್ಣೆದುರು ಬಂದು ನಿಲ್ಲುವುದು ಅವಳಿಗೆ ಬೇಡವಾಗಿತ್ತು. ಪೆಲಿಕನ್ ರೆಸ್ಟ್ ಎಂಬ ಆ ಅತಿಥಿಗೃಹದ ಹೆಸರನ್ನು ಅವಳು ತನ್ನ ಕೈಯಾರೆ ಇನ್ನೂರು ಸಲವಾದರೂ ಬರೆದಿದ್ದಾಳೆ. ಹೆಸರು, ವಯಸ್ಸು, ವೃತ್ತಿ, ಮದುವೆ ನಡೆದ ಸ್ಥಳ. ದೂರದ ಚಳಿಯ ಊರುಗಳಿಂದ ಬಂದವರು, ಬಿಸಿಲಿಗೆ ಮೂಗು ಸುಲಿದವರು, ರಬ್ಬರ್ ಚಪ್ಪಲಿಯಲ್ಲೇ ಕಚೇರಿಗೆ ಬರುವವರು, ಕೌಂಟರಿನ ಆಚೆ ಒಬ್ಬರಿಗೊಬ್ಬರು ಅಂಟಿಕೊಂಡು ನಿಲ್ಲುತ್ತಿದ್ದರು. ಇವಳು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು. ಅವರು ಹೋದ ಮೇಲೆ ಆ ಕೊನೆಯ ಕಾಲಮ್ಮಿನ ಹೆಸರೊಂದೇ ಮೇಜಿನ ಮೇಲೆ ಉಳಿಯುತ್ತಿತ್ತು. ಅಲ್ಲಿ ಅಂಥದ್ದೇನಿದೆ? ಸಮುದ್ರ ಕಿಂಗ್ಸ್‌ಟೌನಿನಲ್ಲೂ ಇದೆ. ಅವಳ ಮನೆಯ ಹಿಂದಿನ ಚರಂಡಿ ಹೋಗಿ ಸೇರುವುದೂ ಸಮುದ್ರವನ್ನೇ. ಆದರೂ ಬರೆದು ಬರೆದು ಆ ಹೆಸರಿಗೆ ಒಂದು ಉದ್ದನೆಯ ಬಿಳಿ ಜಗಲಿ, ಜಗಲಿಯ ತುದಿಗೆ ಒಂದು ಕುರ್ಚಿ, ಕುರ್ಚಿಯ ಮೇಲೆ ಯಾರೂ ಕೂತಿಲ್ಲದ ಒಂದು ಮಧ್ಯಾಹ್ನ ತನ್ನಷ್ಟಕ್ಕೆ ಕೂಡಿಕೊಂಡಿತ್ತು. ನೋಡಬೇಕು ಎಂದು ಎಷ್ಟೋ ವರ್ಷದಿಂದ ಇದ್ದ ಆಸೆ. ಹೋಗಲು ಕಾರಣವಿರಲಿಲ್ಲ, ಅಷ್ಟೆ.

ಕಾರಣ ಹುಟ್ಟಿದ್ದು ಮಾರ್ಚ್ ತಿಂಗಳಲ್ಲಿ, ಅವಳ ಅಡುಗೆಮನೆಯ ನೆಲದ ಮೇಲೆ. ಫ್ರಿಜ್ ರಿಪೇರಿ ಮಾಡುವ ಆರ್ಡನ್ ಸ್ನ್ಯಾಗ್ ಫ್ರಿಜ್ಜಿನ ಹಿಂದೆ ಅಂಗಾತ ಮಲಗಿದ್ದ. ಕಾಣುತ್ತಿದ್ದದ್ದು ಅವನ ಎರಡು ಕಾಲು ಮಾತ್ರ. ‘ಜೆಸ್, ನಾವು ಮದುವೆ ಆಗೋಣ್ವಾ?’ ಎಂದು ಫ್ರಿಜ್ಜಿನ ಹಿಂದಿನಿಂದ ಮಾತು ಬಂತು. ‘ಮೊದ್ಲು ಈಚೆ ಬಾ’ ಎಂದಳು ಜೆಸ್ಟಿನಾ. ಅವನು ಬಂದ, ಅರವತ್ತೊಂದು ವರ್ಷದವನು, ಕೂದಲಲ್ಲಿ ಜೇಡನ ಬಲೆ ಸಿಕ್ಕಿಸಿಕೊಂಡು. ಅವನ ಹೆಂಡತಿ ಕ್ಲಾರಿಸ್ ಸತ್ತು ಆರು ವರ್ಷವಾಗಿತ್ತು. ಬಯಬೂ ಊರಿನ ತಮ್ಮ ಚಿಕ್ಕ ಚರ್ಚಿನಲ್ಲೇ ಮಾಡಿಕೊಳ್ಳೋಣ ಎಂದ. ‘ಅಲ್ಲಿ ಸೆಕೆ’ ಎಂದಳು ಇವಳು. ಅವನು ಕೂದಲಿನ ಬಲೆ ಬಿಡಿಸಿಕೊಳ್ಳುತ್ತ, ‘ಹೌದು, ಸೆಕೆನೇ. ನಂಗೆ ಎಲ್ಲಾದ್ರೂ ಸರಿ. ನೀನೇ ನೋಡು’ ಎಂದ. ಎಲ್ಲಾದರೂ ಸರಿ. ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಅವಳೊಳಗೆ ಮುರಿದು ಕೂತಿತ್ತು. ತನ್ನೊಡನೆ ಎಲ್ಲಾದರೂ ಸರಿ ಎಂದನೋ, ಯಾರೊಡನಾದರೂ ಎಲ್ಲಾದರೂ ಸರಿ ಎಂದನೋ.

ಗುಡ್ಡ ಇಳಿಯುವ ಹೊತ್ತಿಗೆ ಒಂಬತ್ತು ಮುಕ್ಕಾಲು. ಹಸಿರು ಬಣ್ಣ ಬಳಿದ ತಗಡಿನ ಸೂರು, ತಗ್ಗು ಗೋಡೆ, ಬೇಲಿಯ ತುಂಬ ಕಾಗದದ ಹೂವು. ಗೇಟಿನ ಬಳಿ ಒಂದು ಕಂದು ನಾಯಿ ಎದ್ದು ನೋಡಿ ಮತ್ತೆ ಮಲಗಿತು. ಉದ್ದನೆಯ ಜಗಲಿ ಇರಲಿಲ್ಲ. ಒಂಬತ್ತು ಕೋಣೆ, ಒಂದೊಂದರ ಮುಂದೆಯೂ ಎರಡು ಹೆಜ್ಜೆಯ ಮೆಟ್ಟಿಲು. ಜೆಸ್ಟಿನಾಳಿಗೆ ಬೇಸರವಾಗಲಿಲ್ಲ, ಬದಲಿಗೆ ಕುತೂಹಲ ಹೆಚ್ಚಾಯಿತು. ಇಷ್ಟು ಪುಟ್ಟದ್ದೇ? ಇಷ್ಟಕ್ಕಾಗಿ ಅವರೆಲ್ಲ ಅಷ್ಟು ದೂರದಿಂದ ಬರುತ್ತಾರೆಯೇ? ಹಾಗಾದರೆ ಇಲ್ಲಿ ಕಣ್ಣಿಗೆ ಕಾಣದ ಇನ್ನೇನೋ ಇರಬೇಕು. ಕತ್ತಿನ ಬೆವರು ಒರೆಸಿಕೊಳ್ಳುತ್ತಿರುವಾಗಲೇ ಬಾಗಿಲಿನಿಂದ ಒಬ್ಬ ದಪ್ಪ ಹೆಂಗಸು, ಕೊರಳಿಗೆ ಕನ್ನಡಕ ತೂಗುಹಾಕಿಕೊಂಡವಳು, ಕೈಯಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಹೊರಬಂದಳು.

“ಬಂದ್ಯಾ? ಒಂಬತ್ತೂವರೆ ಅಂದಿದ್ದೆ. ಹದಿನೈದು ನಿಮಿಷ ತಡ. ಪರವಾಗಿಲ್ಲ, ನಡ್ಕೊಂಡ್ ಬಂದಿದೀಯ ಅಂತ ಕಾಣುತ್ತೆ. ಬಾ, ಒಳಗೆ ಬಾ. ಆ ಕಡೆಯಿಂದಲ್ಲ, ಹಿಂದಿನ ಬಾಗಿಲಿಂದ.”

ಇದು ಮ್ಯಾನೇಜರ್ ಮಿಸಸ್ ಕ್ವಾಶಿಯ ದನಿ ಎಂದು ಜೆಸ್ಟಿನಾಳಿಗೆ ತಕ್ಷಣ ಗೊತ್ತಾಯಿತು. ಸೋಮವಾರ ಫೋನಿನಲ್ಲಿ ಕೇಳಿದ್ದ ದನಿಯೇ. ಆದರೆ ಅಂದು ಅದು ಜೇನಿನಲ್ಲಿ ಅದ್ದಿದಂತಿತ್ತು. ಮತ್ತು ತನ್ನನ್ನು ಹತ್ತೂವರೆಗೆ ಬರಲು ಹೇಳಿತ್ತು. ಒಂಬತ್ತೂವರೆಗೆ ಬರಬೇಕಾಗಿದ್ದವಳು ಬೇರೆ ಯಾರೋ. ‘ನಾನು ಅವಳಲ್ಲ’ ಎನ್ನಲು ಬಾಯಿ ತೆರೆದಳು. ಬಾಯಿಯಿಂದ ಹೊರಟದ್ದು, “ಹೂಂ.”

ಆಮೇಲೆ ಎಷ್ಟು ಯೋಚಿಸಿದರೂ ಆ ‘ಹೂಂ’ ಎಲ್ಲಿಂದ ಬಂತೆಂದು ಅವಳಿಗೆ ತಿಳಿಯಲಿಲ್ಲ. ಬೂದು ಸ್ಕರ್ಟು ನೋಡಿ ತನ್ನನ್ನು ಕೆಲಸ ಕೇಳಲು ಬಂದವಳೆಂದುಕೊಂಡಳಲ್ಲ ಎಂಬ ಅವಮಾನ ಮೊದಲು ಬಂತು, ಕೆನ್ನೆ ಬಿಸಿಯಾಯಿತು. ಅದರ ಬೆನ್ನಿಗೇ, ಅವಮಾನಕ್ಕಿಂತ ಚುರುಕಾಗಿ, ಇನ್ನೊಂದು ಬಂತು: ಹಿಂದಿನ ಬಾಗಿಲು. ಮುಂದಿನ ಬಾಗಿಲಿನಿಂದ ಹೋದರೆ ಶರಬತ್ತು ಕೊಟ್ಟು ತೋರಿಸುವುದನ್ನಷ್ಟೇ ತೋರಿಸುತ್ತಾರೆ. ಹಿಂದಿನಿಂದ ಹೋದರೆ? ಅವಳು ಚಿಕ್ಕಂದಿನಿಂದಲೂ ಹೀಗೆಯೇ. ಯಾರದೋ ಮನೆಗೆ ಹೋದಾಗ ಕೂರಿಸಿದ ಕೋಣೆಯಲ್ಲಿ ಕೂರದೆ, ಪರದೆಯ ಸಂದಿಯಿಂದ ಒಳಮನೆಯ ಮಂಚದ ತುದಿಯನ್ನು ನೋಡುತ್ತಿದ್ದ ಹುಡುಗಿ. ಅಮ್ಮ ಅದಕ್ಕಾಗಿ ಒಮ್ಮೆ ಎಲ್ಲರೆದುರೇ ಕಿವಿ ಹಿಂಡಿದ್ದಳು.

ಒಗೆಯುವ ಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಮಡಚುಕುರ್ಚಿ. ಮಿಸಸ್ ಕ್ವಾಶಿ ತಾನು ನಿಂತೇ ಇದ್ದಳು.

“ಮೊದ್ಲೆಲ್ಲಿ ಕೆಲಸಕ್ಕಿದ್ದೆ?”

“ಸರ್ಕಾರದ ಕಚೇರೀಲಿ.”

“ಗುಡಿಸೋಕಾ?”

“ಹೆಚ್ಚು ಕಡಿಮೆ ಅದೇ. ಜನ ಬಿಟ್ಟು ಹೋಗಿದ್ದನ್ನ ಸರಿಮಾಡಿ ಇಡೋದು.”

“ಗಂಡ?”

“ಇಲ್ಲ.”

“ಸತ್ತನಾ, ಬಿಟ್ಟನಾ?”

“ಆಗ್ಲೇ ಇಲ್ಲ.”

“ಯಾಕಮ್ಮ? ನೋಡೋಕೆ ನೆಟ್ಟಗಿದೀಯ, ಮೂಗೂ ಕಣ್ಣೂ ಎಲ್ಲ ಇದೆ.”

ಜೆಸ್ಟಿನಾ ನಕ್ಕುಬಿಟ್ಟಳು. ಇಪ್ಪತ್ತಾರು ವರ್ಷ ಪ್ರಶ್ನೆ ಕೇಳಿದವಳು ಅವಳು. ಕೌಂಟರಿನ ಈಚೆಗೆ ಕೂತವಳನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಏನೇನು ಆಡಿಕೊಂಡಿದ್ದರೋ. ಈಗ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ನೇರ ಕೇಳುತ್ತಿದ್ದಾಳೆ. ಉತ್ತರ ಏನೆಂದು ತನಗೇ ಕುತೂಹಲ. “ಅಮ್ಮ ಇದ್ಳು” ಎಂದಳು. “ಹದಿನೆಂಟು ವರ್ಷ ಹಾಸಿಗೆ ಹಿಡಿದಿದ್ಳು. ಅವಳನ್ನ ನೋಡ್ಕೋಬೇಕಿತ್ತು.” ಇದನ್ನು ಎಲ್ಲರಿಗೂ ಹೇಳುತ್ತಿದ್ದಳು. ಆದರೆ ಇಂದು ನಾಲಿಗೆ ಅಲ್ಲಿಗೆ ನಿಲ್ಲಲಿಲ್ಲ. “ಅದೊಂದು ನೆಪಾನೂ ಆಯ್ತು. ಯಾರಾದ್ರೂ ಹತ್ರ ಬಂದ್ರೆ ಅಮ್ಮನ್ನ ಅಡ್ಡ ಇಟ್ಕೊಳ್ತಿದ್ದೆ.” ಹೇಳಿದ ಮೇಲೆ, ಗೋಡೆಗೆ ನೇತುಹಾಕಿದ್ದ ಇಸ್ತ್ರಿಪೆಟ್ಟಿಗೆಯ ತಂತಿಯನ್ನೇ ನೋಡುತ್ತ ಕೂತಳು. ಇದು ತನಗೆ ಗೊತ್ತಿತ್ತೇ? ಯಾವಾಗಿನಿಂದ?

ಮಿಸಸ್ ಕ್ವಾಶಿ ಬುಟ್ಟಿಯಿಂದ ಒಂದು ದೊಡ್ಡ ಹಾಸಿಗೆ ಬಟ್ಟೆ ತೆಗೆದು ಒಂದು ಅಂಚನ್ನು ಇವಳ ಕೈಗೆ ಕೊಟ್ಟಳು. “ಹಿಡಿ, ನೋಡೋಣ.” ಇಬ್ಬರೂ ಎಳೆದು ಹಿಡಿದರು, ಮಡಿಸಿದರು, ಒಬ್ಬರ ಕಡೆಗೊಬ್ಬರು ನಡೆದು ಬಂದರು. ತುದಿಗೆ ತುದಿ ಸೇರಿಸುವಾಗ ಮಿಸಸ್ ಕ್ವಾಶಿಯ ಬೆರಳು ಇವಳ ಬೆರಳಿಗೆ ತಾಗಿತು. ಒರಟು ಬೆರಳು, ಸಾಬೂನಿಗೆ ಸೀಳುಬಿಟ್ಟದ್ದು. ಹದಿನೆಂಟು ವರ್ಷ ದಿನಕ್ಕೆರಡು ಸಲ ಅಮ್ಮನ ಹಾಸಿಗೆ ಬದಲಿಸಿದ ಕೈ ಜೆಸ್ಟಿನಾಳದು. ಅದು ಮರೆತಿರಲಿಲ್ಲ. ಆರು ಬಟ್ಟೆ ಮುಗಿಯುವಷ್ಟರಲ್ಲಿ ಮಿಸಸ್ ಕ್ವಾಶಿಯ ಮುಖ ಸಡಿಲಗೊಂಡಿತ್ತು. ನಾಲ್ಕನೆಯ ಕೋಣೆಯ ಬಾಗಿಲು ತೆರೆದು ತೋರಿಸಿದಳು. ಮದುಮಗಳನ್ನು ಇಳಿಸುವ ಕೋಣೆ ಇದು. ಬಿಳಿ ಸೊಳ್ಳೆಪರದೆ, ಕಿಟಕಿಯ ತುಂಬ ನೀರು.

“ಮದುವೆ ಹಿಂದಿನ ದಿನ ಎಲ್ರೂ ಇಲ್ಲಿ ಅಳ್ತಾರೆ. ಒಬ್ಬೊಬ್ಳೂ. ಬೆಳಿಗ್ಗೆ ದಿಂಬಿನ ಕವರು ನೋಡಿದ್ರೆ ಗೊತ್ತಾಗುತ್ತೆ, ಕಣ್ಣಿನ ಕಪ್ಪು ಹತ್ತಿರುತ್ತೆ. ನಿಂಬೆಹಣ್ಣು ಉಜ್ಜಿ ತೆಗೀಬೇಕು.”

“ಯಾಕೆ ಅಳ್ತಾರೆ?”

“ಯಾರಿಗ್ ಗೊತ್ತು? ಇಷ್ಟು ದೂರ ಬಂದ್ವಲ್ಲ, ಇನ್ನು ವಾಪಸ್ ಹೋಗೋಕಾಗಲ್ವಲ್ಲ ಅಂತಿರ್ಬೇಕು.” ಅವಳು ಕಿಟಕಿಯ ಚಿಲಕ ಸರಿಪಡಿಸುತ್ತ ಹೇಳಿದಳು. “ಹನ್ನೊಂದು ವರ್ಷದಲ್ಲಿ ನಮ್ಮವರೊಬ್ರೂ ಇಲ್ಲಿ ಮದುವೆ ಆಗಿಲ್ಲ. ಇವತ್ತು ಮೊದಲನೇ ಸಲ ಒಬ್ಳು ಬರ್ತಾಳೆ, ಕಿಂಗ್ಸ್‌ಟೌನಿನವಳು, ಮಿಸ್ ಡೆಲ್ಪೆಶ್ ಅಂತೆ. ಫೋನಲ್ಲಿ ಅವಳ ಮಾತು ಕೇಳ್ಬೇಕಿತ್ತು ನೀನು. ಒಂದೊಂದು ಪದಕ್ಕೂ ಇಸ್ತ್ರಿ ಹಾಕಿ ಇಡೋಳು. ‘ನನಗೆ ಕೇವಲ ಹದಿನಾಲ್ಕು ಜನ ಅತಿಥಿಗಳು.’ ಐವತ್ತು ದಾಟಿದೆಯಂತೆ. ಐವತ್ತಕ್ಕೆ ಬಿಳಿ ಗೌನು! ಸೊಂಟಕ್ಕೆ ಎಣ್ಣೆ ತಿಕ್ಕಿಸ್ಕೊಳ್ಳೋ ವಯಸ್ಸಲ್ಲಿ.”

ನೀರಿನ ಮೇಲೆ ಒಂದು ಹಕ್ಕಿ ಮೇಲಿನಿಂದ ಕಲ್ಲು ಬಿದ್ದಂತೆ ಬಿದ್ದು, ಎದ್ದಿತು. ಜೆಸ್ಟಿನಾ ತನ್ನ ದನಿಯನ್ನು ಹುಡುಕಿಕೊಳ್ಳಬೇಕಾಯಿತು. ಇಸ್ತ್ರಿ ಹಾಕಿದ ಪದಗಳು ಬಾಯಿಗೆ ಬಂದರೆ ಸಿಕ್ಕಿಬೀಳುತ್ತಾಳೆ. “ಅದ್ರಲ್ಲಿ ತಪ್ಪೇನಿದೆ?”

“ತಪ್ಪೇನಿಲ್ಲ ಕಣಮ್ಮ.” ಮಿಸಸ್ ಕ್ವಾಶಿ ಮಂಚದ ಅಂಚಿಗೆ ಕೂತಳು, ಕೂತದ್ದಕ್ಕೆ ತಾನೇ ಬೆಚ್ಚಿದವಳಂತೆ ಹಾಸಿಗೆ ಸವರಿದಳು. “ಹೊಟ್ಟೆಕಿಚ್ಚು ನಂಗೆ. ಅಷ್ಟೇ. ನಮ್ಮನೆಯವ್ರು ಹೋಗಿ ಒಂಬತ್ತು ವರ್ಷ. ಒಬ್ಬ ಇದ್ದ, ಪಾಪ, ದೋಣಿ ಕಟ್ಟೋನು. ಕೇಳ್ದ. ಜನ ನಗ್ತಾರೆ ಅಂತ ಬೇಡ ಅಂದ್ಬಿಟ್ಟೆ. ಈಗ ಈ ಮಿಸ್ ಡೆಲ್ಪೆಶ್ ಬಂದ್ರೆ ಮುಖ ನೋಡ್ಬೇಕು ಅಂತ ಕಾಯ್ತಿದೀನಿ. ಜನ ನಗ್ತಾರೆ ಅಂತ ಗೊತ್ತಿದ್ದೂ ಬರೋ ಹೆಂಗಸು ಹೇಗಿರ್ತಾಳೆ ಅಂತ.”

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಕ್ಷಣ ಇರಲಿಲ್ಲ. ಜೆಸ್ಟಿನಾಳಿಗೆ ಅದು ಗೊತ್ತಿತ್ತು. ಆದರೆ ಈ ಹೆಂಗಸು ಹೀಗೆ ಮಾತಾಡುತ್ತಿರುವುದು ಮಿಸ್ ಡೆಲ್ಪೆಶ್ ಇಲ್ಲಿ ಇಲ್ಲವೆಂದು. ಅವಳು ಬಂದ ಕೂಡಲೇ ಈ ಮಾತು ನಿಲ್ಲುತ್ತದೆ. ಇನ್ನು ಐದು ನಿಮಿಷ ಎಂದುಕೊಂಡಳು. ಆ ಐದು ನಿಮಿಷದಲ್ಲೇ ಗೇಟಿನ ನಾಯಿ ಬೊಗಳಿತು.

ಬಂದವಳು ನಲವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು. ಗೇಟಿನ ಹೊರಗೇ ನಿಂತು, ಕೈಯಲ್ಲಿ ಹಿಡಿದು ತಂದಿದ್ದ ಶೂಗಳನ್ನು ಹಾಕಿಕೊಂಡು, ಧೂಳಿನ ಚಪ್ಪಲಿಗಳನ್ನು ಚೀಲಕ್ಕೆ ತುರುಕಿ, ಆಮೇಲೆ ಒಳಗೆ ಬಂದಳು. “ಇಯೋನಿ ಪ್ರಾವಿಡೆನ್ಸ್, ಮ್ಯಾಡಮ್. ಕೆಲಸಕ್ಕೆ ಬರೋಕ್ಕೇಳಿದ್ರಿ. ವ್ಯಾನು ಬರ್ಲಿಲ್ಲ, ಆಚೆ ತುದಿಯಿಂದ ನಡ್ಕೊಂಡೇ ಬಂದೆ.”

ಮಿಸಸ್ ಕ್ವಾಶಿ ಇವಳನ್ನೂ ಅವಳನ್ನೂ ನೋಡಿದಳು. ತಾನೇ ತಪ್ಪು ತಿಳಿದಿದ್ದೇನೆ ಎನ್ನುವುದು ಅವಳ ಮುಖದಲ್ಲಿ ಒಂದು ಗಳಿಗೆ ಬಂದು ಹೋಯಿತು. ಆದರೆ ಮಡಿಸಿಟ್ಟ ಬಟ್ಟೆಗಳ ಕಡೆ ಕಣ್ಣು ಹೊರಳಿತು. “ಮುಕ್ಕಾಲು ಗಂಟೆ ತಡ ಆಯ್ತಲ್ಲಮ್ಮ. ಈ ತಾಯಿ ಯಾರು ಕಳಿಸಿದ್ರೋ ಬಂದ್ಳು, ಕೆಲಸ ಚೆನ್ನಾಗ್ ಬರುತ್ತೆ. ಆಗ್ಹೋಯ್ತು ಅಂದ್ಕೋ. ಬೇಜಾರ್ ಮಾಡ್ಕೋಬೇಡ.”

ಇಯೋನಿ ಜೆಸ್ಟಿನಾಳ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಜಗಳಕ್ಕೆ ನಿಲ್ಲುತ್ತಾಳೆ ಎಂದುಕೊಂಡಳು ಜೆಸ್ಟಿನಾ. ನಿಲ್ಲಬೇಕಾದದ್ದೂ ನ್ಯಾಯವೇ. ಆದರೆ ಆ ಮುಖದಲ್ಲಿ ಸಿಟ್ಟು ಬರುವ ಬದಲು ಏನೋ ಮೆತ್ತಗಾಯಿತು. “ಸರಿ ಮ್ಯಾಡಮ್. ಆಗ್ಲಿ ಬಿಡಿ” ಎಂದು ತಲೆಯಾಡಿಸಿ, ತಿರುಗಿ ನಡೆದಳು. ಜೆಸ್ಟಿನಾ ನೋಡುತ್ತ ನಿಂತಳು. ಅದೇ ಅವಳು ಆಮೇಲೆ ತನ್ನನ್ನು ತಾನು ಕ್ಷಮಿಸಿಕೊಳ್ಳಲಾರದೆ ಹೋದದ್ದು. ಸುಳ್ಳು ಹೇಳಿದ್ದಲ್ಲ, ನೋಡುತ್ತ ನಿಂತದ್ದು. ಕೆಲಸ ಸಿಗದ ಹೆಂಗಸಿನ ಬೆನ್ನು ಹೇಗಿರುತ್ತದೆ, ಅವಳು ಗೇಟಿನಲ್ಲಿ ಮತ್ತೆ ಚಪ್ಪಲಿ ಬದಲಿಸುತ್ತಾಳೆಯೇ ಇಲ್ಲವೇ, ನಾಯಿ ಮತ್ತೆ ಬೊಗಳುತ್ತದೆಯೇ. ಎಲ್ಲವನ್ನೂ ಕಣ್ಣು ತುಂಬ ನೋಡಿದಳು. ಇಯೋನಿ ಚಪ್ಪಲಿ ಬದಲಿಸಲಿಲ್ಲ. ಒಳ್ಳೆಯ ಶೂಗಳಲ್ಲೇ ಕಲ್ಲುರಸ್ತೆ ಏರತೊಡಗಿದಳು.

“ನಿಲ್ಲಿ” ಎಂದಳು ಜೆಸ್ಟಿನಾ. ಮಿಸಸ್ ಕ್ವಾಶಿಗೆ. “ನಾನು ಕೆಲಸಕ್ಕೆ ಬಂದೋಳಲ್ಲ. ನಾನೇ ಆ ಮಿಸ್ ಡೆಲ್ಪೆಶ್.”

ಮಿಸಸ್ ಕ್ವಾಶಿ ಕೊರಳಿನ ಕನ್ನಡಕವನ್ನು ಮೂಗಿಗೇರಿಸಿಕೊಂಡು ನೋಡಿದಳು. “ಆಟ ಆಡ್ತಿದ್ಯಾ ನನ್ಹತ್ರ?” ಎಂದು ಶುರುವಾದದ್ದು ಮುಂದಿನ ಮಾತಿಗೇ “ಆಟ ಆಡ್ತಿದ್ರಾ ನೀವು?” ಎಂದಾಯಿತು. ಆ ‘ನೀವು’ ಇಬ್ಬರ ನಡುವೆ ಕದ ಹಾಕಿದಂತೆ ಬಂತು. ಮುಖದ ಮೇಲೆ ನೋಡುನೋಡುತ್ತಿದ್ದಂತೆಯೇ ಅತಿಥಿಗಳಿಗೆಂದು ಇಟ್ಟ ನಗು ಮೂಡಿತು. ಹರಿದ ಕಡೆಯಲ್ಲೆಲ್ಲ ಒಳಗಿನ ಮುಖ ಕಾಣುವ ನಗು. “ಮುಂದಿನ ಬಾಗಿಲಿಂದ ಬರ್ಬೇಕಿತ್ತು ನೀವು. ಶರಬತ್ತು ತರಿಸ್ತೀನಿ, ಕೂತ್ಕೊಳ್ಳಿ. ನಾನೇನೇನೋ ಅಂದ್ಬಿಟ್ಟೆ...”

“ನೀವಂದಿದ್ದು ನಿಜಾನೇ” ಎಂದಳು ಜೆಸ್ಟಿನಾ. “ಮೊದ್ಲು ಅವಳನ್ನ ಕರೀತೀನಿ.” ಓಡಿದಳು. ಬೂದು ಸ್ಕರ್ಟು ಮೊಣಕಾಲಿಗೆ ಸುತ್ತಿಕೊಳ್ಳುತ್ತ, ಕಚೇರಿಯ ಶೂ ಜಾರುತ್ತ, ಎಷ್ಟೋ ವರ್ಷದ ಮೇಲೆ ಓಡಿದಳು.

ಇಯೋನಿ ತಿರುವಿನಲ್ಲಿ ಬಾದಾಮಿ ಮರದ ಬುಡಕ್ಕೆ ಕೂತು ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದಳು. ಜೆಸ್ಟಿನಾ ಏದುಸಿರಿನಲ್ಲಿ ಎಲ್ಲವನ್ನೂ ಹೇಳಿದಳು, ಸರಿಯಾದ ಕ್ರಮದಲ್ಲಲ್ಲ. ಮದುವೆ, ಜಾಗ, ಹಿಂದಿನ ಬಾಗಿಲು, ‘ಹೂಂ’. ಇಯೋನಿ ಪೂರ್ತಿ ಕೇಳಿದಳು.

“ಹಾಗಾದ್ರೆ ನಿಮ್ಮ ಕೆಲಸ ಹೋಗಿಲ್ವಾ ಮಿಸ್? ರಿಜಿಸ್ಟ್ರಿಯಿಂದ ತೆಗೆದಿಲ್ವಾ?”

“ನಿಂಗೆ... ನಿಮಗೆ ನಾನು ಗೊತ್ತಾ?”

“ನೋಡಿದ ತಕ್ಷಣ ಗುರುತು ಹತ್ತಿತು. ಮೂರು ವರ್ಷದ ಹಿಂದೆ ಬಂದಿದ್ದೆ, ನನ್ನ ಹುಟ್ಟಿದ ಕಾಗದದಲ್ಲಿ ಅಮ್ಮನ ಹೆಸರು ತಪ್ಪಿತ್ತು. ಎಲ್ರೂ ಊಟಕ್ಕೆ ಎದ್ದು ಹೋದ್ರು. ನೀವು ಏಳ್ಲಿಲ್ಲ. ಹಳೇ ಪುಸ್ತಕಗಳನ್ನೆಲ್ಲ ತೆಗೆದು ಹುಡುಕಿ, ‘ಸಿಕ್ತು, ನಿಮ್ಮಮ್ಮ ಸಿಕ್ಳು’ ಅಂದ್ರಿ. ನಾನು ಅಲ್ಲೇ ಅತ್ತೆ. ನೀವು ಕರ್ಚೀಫ್ ಕೊಟ್ರಿ.”

ಜೆಸ್ಟಿನಾ ನೆನಪಿಗಾಗಿ ಒಳಗೆಲ್ಲ ಕೈಯಾಡಿಸಿದಳು. ಪುಸ್ತಕಗಳು ನೆನಪಿಗೆ ಬಂದವು, ಧೂಳು ಬಂತು, ಎಷ್ಟೋ ಮಧ್ಯಾಹ್ನಗಳು ಬಂದವು. ಈ ಮುಖ ಬರಲಿಲ್ಲ. “ನೆನಪಿದೆ” ಎನ್ನಬಹುದಿತ್ತು. ಇವತ್ತಿನ ಮಟ್ಟಿಗೆ ಸುಳ್ಳು ಸಾಕಾಗಿತ್ತು. “ನಂಗೆ ನೆನಪಿಲ್ಲ” ಎಂದಳು.

“ಇರಲ್ಲ. ಎಷ್ಟೊಂದ್ ಜನ ಬರ್ತಾರೆ ನಿಮ್ಹತ್ರ.” ಇಯೋನಿ ಶೂ ಹಾಕಿಕೊಂಡು ಎದ್ದು ನಿಂತಳು. “ಅದಕ್ಕೇ ಸುಮ್ನೆ ಬಂದ್ಬಿಟ್ಟೆ. ರಿಜಿಸ್ಟ್ರಿಯಲ್ಲಿ ಕೂತಿದ್ದ ಮಿಸ್ ಇಲ್ಲಿ ಬಟ್ಟೆ ಮಡಚೋಕೆ ಬಂದಿದಾರೆ ಅಂದ್ರೆ ಅವರಿಗೆ ಎಂಥಾ ಕಷ್ಟ ಬಂದಿರ್ಬೇಕು ಅಂದ್ಕೊಂಡೆ. ನಂಗಾದ್ರೆ ಇನ್ನೊಂದ್ ಕಡೆ ಸಿಗುತ್ತೆ, ಇವರಿಗೆ ಈ ವಯಸ್ಸಲ್ಲಿ ಯಾರು ಕೊಡ್ತಾರೆ ಅಂತ.” ಮೊದಲು ಅವಳಿಗೆ ನಗು ಬಂತು, ನಿಜವಾಗಿಯೂ ನಕ್ಕಳು. ನಗು ಮುಗಿಯುವ ಕಡೆ ಮುಖ ಬಿಗಿಯಾಯಿತು. “ನೀವು ನೋಡೋಕೆ ಬಂದಿದ್ರಿ. ನಾನು ದಾರಿಯುದ್ದಕ್ಕೂ ನಿಮಗೋಸ್ಕರ ಪ್ರಾರ್ಥನೆ ಮಾಡ್ಕೊಂಡ್ ಬಂದೆ.”

“ಬನ್ನಿ, ಕೆಳಗೆ ಹೋಗೋಣ. ನಾನೇ ಹೇಳ್ತೀನಿ ಅವರಿಗೆ—”

“ಬೇಡ ಮಿಸ್. ನೀವು ಇಲ್ಲೇ ಇರಿ. ನಾನೊಬ್ಳೇ ಹೋಗ್ತೀನಿ.”

ಅವಳು ಹೋದಳು. ಜೆಸ್ಟಿನಾ ಬಾದಾಮಿ ಮರದ ಕೆಳಗೆ, ಅವಳು ಕೂತಿದ್ದ ಕಲ್ಲಿನ ಮೇಲೆ ಕೂತಳು. ಕಲ್ಲು ಇನ್ನೂ ಬೆಚ್ಚಗಿತ್ತು. ಹಿಂದೆ ಹೋಗಿ ಕಿಟಕಿಯಿಂದ ಇಣುಕಿದರೆ ಏನು ನಡೆಯುತ್ತಿದೆ ಎಂದು ಕಾಣುತ್ತಿತ್ತು. ಕಾಲು ಏಳಲು ಹವಣಿಸುತ್ತಿತ್ತು. ಅವಳು ಎರಡೂ ಕೈಯಿಂದ ಮೊಣಕಾಲು ಹಿಡಿದು ಕೂತಳು. ಇಷ್ಟು ವರ್ಷ ತಾನು ಜನರನ್ನು ನೋಡುತ್ತೇನೆ ಎಂದುಕೊಂಡಿದ್ದಳು. ಕೌಂಟರಿನ ಆಚೆಯಿಂದಲೂ ಯಾರೋ ನೋಡುತ್ತಾರೆ, ನೋಡಿದ್ದನ್ನು ಮನೆಗೆ ಕೊಂಡೊಯ್ಯುತ್ತಾರೆ, ಮೂರು ವರ್ಷ ಇಟ್ಟುಕೊಳ್ಳುತ್ತಾರೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ತನ್ನ ಒಂದು ಒಳ್ಳೆಯ ಮಧ್ಯಾಹ್ನ ಇನ್ನೊಬ್ಬಳ ಹತ್ತಿರ ಭದ್ರವಾಗಿತ್ತು, ಇವತ್ತು ಬೆಳಗಿನ ತನಕ. ಇರುವೆಗಳ ಸಾಲೊಂದು ಅವಳ ಶೂವನ್ನು ಬಳಸಿಕೊಂಡು ಹೋಗುತ್ತಿತ್ತು. ಎಲ್ಲಿಗೆ ಎಂದು ಬಗ್ಗಿ ನೋಡಿದಳು. ಬಗ್ಗಿದ ತಲೆ ಮೇಲೆತ್ತಲು ಬಹಳ ಹೊತ್ತು ಹಿಡಿಯಿತು.

ಅರ್ಧ ಗಂಟೆಯ ಮೇಲೆ ಮಿಸಸ್ ಕ್ವಾಶಿ ಒಬ್ಬಳೇ ಏರಿ ಬಂದಳು, ಇವಳು ಬಿಟ್ಟು ಬಂದಿದ್ದ ಕೈಚೀಲ ಹಿಡಿದು. ಅತಿಥಿಗಳ ನಗು ಇರಲಿಲ್ಲ. ಮೊದಲಿನ ಸಲಿಗೆಯೂ ಇರಲಿಲ್ಲ.

“ಕೊಟ್ಟೆ, ಕೆಲಸ. ಸೋಮವಾರದಿಂದ ಬರ್ತಾಳೆ. ಬಾಯಿ ಜೋರು, ಆದ್ರೆ ಕೈ ಅದಕ್ಕಿಂತ ಜೋರು.” ಚೀಲ ಕೊಟ್ಟಳು. “ಅವಳದೊಂದು ಷರತ್ತು. ನಿಮ್ಮ ಮದುವೆ ಇಲ್ಲೇ ಆದ್ರೆ ಆ ದಿನ ಅವಳಿಗೆ ರಜ ಬೇಕಂತೆ.”

ಜೆಸ್ಟಿನಾ ತಲೆಯಾಡಿಸಿದಳು.

“ತಾರೀಕು ಬರ್ಕೊಳ್ಳಾ, ಬೇಡ್ವಾ?”

“ಅವರನ್ನ ಕೇಳ್ಬೇಕು.”

“ಅವ್ರು ಎಲ್ಲಾದ್ರೂ ಸರಿ ಅಂದಿದಾರೆ ಅಂತ ಫೋನಲ್ಲಿ ಹೇಳಿದ್ರಿ.”

“ಹೇಳಿದ್ದೆ” ಎಂದಳು ಜೆಸ್ಟಿನಾ. ಮಿಸಸ್ ಕ್ವಾಶಿ ಹೊರಟವಳು ನಿಂತಳು. “ನಿಮ್ಮ ಮುಖ ನೋಡ್ಬೇಕು ಅಂತಿದ್ದೆನಲ್ಲ. ನೋಡ್ದಂಗಾಯ್ತು. ನಮ್ಮಂಥದೇ ಇದೆ” ಎಂದು ಗುಡ್ಡ ಇಳಿದಳು.

ಎರಡು ಗಂಟೆಯ ಹಡಗಿನಲ್ಲಿ ಗಾಳಿ ಜೋರಿತ್ತು. ಕಿಂಗ್ಸ್‌ಟೌನಿನ ಕಟ್ಟೆಯಲ್ಲಿ ಆರ್ಡನ್ ತನ್ನ ಹಳೆಯ ವ್ಯಾನಿನಲ್ಲಿ ಕಾಯುತ್ತಿದ್ದ. ಹಿಂದೆ ಯಾರದೋ ಫ್ರಿಜ್ಜಿನ ಬಾಗಿಲು. ಅವಳಿಗೆಂದು ಸುಟ್ಟ ಜೀಗುಜ್ಜೆ, ಹುರಿದ ಮೀನು ಬಾಳೆಎಲೆಯಲ್ಲಿ ಕಟ್ಟಿಸಿ ತಂದಿದ್ದ. ‘ಹೇಗಿದೆ ಜಾಗ?’ ಎಂದು ಕೇಳಿದ. ಅವಳು ಹೇಳಿದಳು. ಇಸ್ತ್ರಿ ಹಾಕಿದ ಪದಗಳವರೆಗೆ ಅವನು ಸ್ಟಿಯರಿಂಗ್ ಬಡಿದುಕೊಂಡು ನಕ್ಕ. ಪ್ರಾರ್ಥನೆಯ ಮಾತು ಬಂದಾಗ ನಗು ನಿಲ್ಲಿಸಿ ರಸ್ತೆ ನೋಡಿದ. ವ್ಯಾನು ಊರು ದಾಟಿ ಸಮುದ್ರದ ಬದಿಯ ರಸ್ತೆಗೆ ಬಂತು. ಬೆಟ್ಟದ ಸಾಲು ಕಳೆದ ಮೇಲೆ ಈ ಕಡೆಯ ಅಲೆಗಳು ಕರಿ ಮರಳಿಗೆ ಬಂದು ಬಡಿಯುತ್ತಿದ್ದವು. ಈ ಮನುಷ್ಯನ ಬಗ್ಗೆ ತನಗೆ ಏನು ಗೊತ್ತು? ಹೆಸರು, ವಯಸ್ಸು, ವೃತ್ತಿ.

“ಕ್ಲಾರಿಸ್ ಜೊತೆ ಮದುವೆ ಆದ ದಿನ ಹೇಗಿತ್ತು?” ಎಂದು ಕೇಳಿದಳು.

ಆರು ವರ್ಷದಲ್ಲಿ ಆ ಹೆಸರನ್ನು ಅವಳು ಅವನೆದುರು ಎತ್ತಿರಲಿಲ್ಲ. ಅವನು ಗೇರು ಬದಲಿಸಿದ. ಎರಡು ತಿರುವು ಕಳೆಯಿತು.

“ಎಲ್ರೂ ಬಂದಿದ್ರು. ಪಾದ್ರಿನೂ ಬಂದಿದ್ರು. ಅವಳು ಚರ್ಚಿನ ಪಕ್ಕದ ಕೋಣೇಲಿ, ಸ್ವಲ್ಪ ಹೊತ್ತು ಒಬ್ಳೇ ಕೂತಿರ್ತೀನಿ ಅಂದ್ಳು. ನಲವತ್ತು ನಿಮಿಷ. ನಾನು ಹೊರಗೆ ಬಿಸಿಲಲ್ಲಿ ನಿಂತಿದ್ದೆ. ಆಮೇಲೆ ಬಂದ್ಳು, ನಗ್ತಾನೇ ಬಂದ್ಳು, ಮದುವೆ ಆಯ್ತು.”

“ಏನು ಮಾಡ್ತಿದ್ಳಂತೆ ಒಳಗೆ?”

“ಕೇಳ್ಲಿಲ್ಲ.”

“ಆಮೇಲೂ?”

“ಇಪ್ಪತ್ತೊಂಬತ್ತು ವರ್ಷ ಇತ್ತು ಕೇಳೋಕೆ. ಇವತ್ತು ಕೇಳೋಣ, ನಾಳೆ ಕೇಳೋಣ ಅಂತ... ಕೇಳಿದ್ರೆ ಏನ್ ಹೇಳ್ತಾಳೋ ಅಂತ ಭಯಾನೂ ಇತ್ತು.” ವ್ಯಾನಿನ ವೇಗ ಕಡಿಮೆಯಾಗಿ ರಸ್ತೆಯಂಚಿಗೆ ಬಂತು. ಅವನು ಅವಳ ಕಡೆ ತಿರುಗಿದ, ನೆಲದ ಮೇಲಿಂದ ಎದ್ದು ಬಂದ ದಿನ ನೋಡಿದ್ದಕ್ಕಿಂತ ಹತ್ತಿರದಿಂದ. “ನಮ್ಮ ಚರ್ಚಲ್ಲಿ ಸೆಕೆ ಅಂದ್ಯಲ್ಲ ಜೆಸ್. ಅದಲ್ಲ ಅಂತ ನಂಗೆ ಅವತ್ತೇ ಗೊತ್ತಾಯ್ತು. ನೀನು ಹೇಳೋಕೆ ಇಷ್ಟ ಇಲ್ಲ ಅಂದ್ಕೊಂಡು ಎಲ್ಲಾದ್ರೂ ಸರಿ ಅಂದೆ. ಈಗ ಕೇಳ್ತೀನಿ. ಯಾಕೆ ಬೇಡ?”

ಜೀಗುಜ್ಜೆಯ ಪೊಟ್ಟಣ ಅವಳ ಮಡಿಲಲ್ಲಿ ಬಿಸಿಯಾಗಿತ್ತು.

“ಕ್ಲಾರಿಸ್‌ನ ಮಣ್ಣು ಮಾಡಿದ ದಿನ ನಾನೂ ಆ ಚರ್ಚಿಗೆ ಬಂದಿದ್ದೆ. ನಮ್ಮ ಫ್ರಿಜ್ ರಿಪೇರಿ ಮಾಡೋನು ನೀನು ಅಂತ ಕಚೇರಿಯಿಂದ ನಾಲ್ಕು ಜನ ಬಂದಿದ್ವಿ. ನೀನು ಪೆಟ್ಟಿಗೆ ಹತ್ರ ನಿಂತಿದ್ದೆ, ಕಪ್ಪು ಕೋಟು ಹಾಕ್ಕೊಂಡು. ಎಲ್ರೂ ಅಳ್ತಿದ್ರು. ನಾನು ಕೂತ್ಕೊಂಡು, ಈ ಕೋಟು ಇವನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತೆ ಅಂತ ನೋಡ್ತಿದ್ದೆ. ಅವಳು ಇನ್ನೂ ಅಲ್ಲೇ ಇದ್ಳು, ಆರ್ಡನ್. ಪೆಟ್ಟಿಗೆ ಮುಚ್ಚಿರಲಿಲ್ಲ.”

ಅಲೆಗಳು ಬಂದು ಬಡಿದು ಹೋದವು. ಅವನ ಮುಖ ಕಿಟಕಿಯ ಕಡೆಗಿತ್ತು. ಭುಜ ಒಂದು ಸಲ ಕುಲುಕಿತು. ಅಳುತ್ತಿದ್ದಾನೆ ಎಂದುಕೊಂಡಳು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ನಗುತ್ತಿತ್ತು.

“ಅದು ನನ್ನ ಕೋಟಲ್ಲ ಮಾರಾಯ್ತಿ. ತಮ್ಮ ಕಾಸ್ಮಸ್‌ನದು. ತೋಳು ಎರಡೂ ಗಿಡ್ಡ, ಇಡೀ ದಿನ ಕೈ ಮಡಚ್ಕೊಂಡೇ ನಿಂತಿದ್ದೆ.” ಅಂಗೈಯಿಂದ ಮೂಗು ಒರೆಸಿಕೊಂಡ. “ನಮ್ಮೂರಲ್ಲೇ ಆಗೋಣ ಜೆಸ್. ಸೆಕೆಯಿದ್ರೆ ಇರ್ಲಿ.”

“ಹೂಂ” ಎಂದಳು. ಈ ಸಲದ್ದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಹಿಂದಿನಿಂದ ಬಂದ ಬಸ್ಸೊಂದು ಹಾರ್ನ್ ಹೊಡೆದು ದಾಟಿ ಹೋಯಿತು. ಊರಿಗೆ ಇನ್ನು ಎರಡು ಮೈಲಿ. ಆರ್ಡನ್ ಗೇರಿನ ಮೇಲೆ ಕೈಯಿಟ್ಟ. ಹೊರಡಲಿಲ್ಲ. ಕೈ 
ತೆಗೆದು ಬೀಗದ ಕೈ ತಿರುಗಿಸಿ ಇಂಜಿನ್ ಆರಿಸಿದ. ಅವಳ ಮಾತು ಸರಿಯಾಗಿ ಕೇಳಬೇಕೆಂದಿರಬೇಕು.

“ಅವತ್ತು ಇನ್ನೇನೇನು ಅಂದ್ಕೊಂಡೆ?” ಎಂದು ಕೇಳಿದ.